ಕೀಪ್ಯಾಡ್ ಫೋನ್ ಕೊಂಡ ಅಡುಗೆಯವ

"ಗುರುಗಳೇ, ಈ ಸ್ಮಾರ್ಟ್‌ಫೋನ್ ಕೊಟ್ಟು ಒಂದು ಕೀಪ್ಯಾಡ್ ಫೋನ್ ತೆಗೆದುಕೊಂಡುಬಿಡಲೇ?"

ಶ್ರೀವತ್ಸ ಹೀಗೆ ಕೇಳಿದ್ದು ಪಾಠ ಮುಗಿದ ಮೇಲೆ. ಅವನು ಮಾಧವಯ್ಯನವರ ಬಳಿ ಗಮಕ ಕಲಿಯುತ್ತಿದ್ದ. ಹಳೆಯ ಕಾವ್ಯಗಳನ್ನು ರಾಗವಾಗಿ ಹೇಳುವ ಈ ವಿದ್ಯೆಯಲ್ಲಿ ಮಾಧವಯ್ಯನವರದು ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸಭೆಯಲ್ಲಿ ಕೂತ ಶಿಷ್ಯ ಪದ್ಯವನ್ನು ಬಾಯಿಪಾಠ ಹೇಳಬೇಕು, ಪುಸ್ತಕ ನೋಡುವಂತಿಲ್ಲ. ಹೋದ ಏಕಾದಶಿಯಂದು ಶ್ರೀವತ್ಸ ಸಭೆಯ ಎದುರಿಗೆ ಪದ್ಯದ ನಡುವೆ ನಿಂತುಬಿಟ್ಟ. ಮುಂದಿನ ಸಾಲು ಏನು ಮಾಡಿದರೂ ಬಾಯಿಗೆ ಬರಲಿಲ್ಲ. ಗುರುಗಳೇ ಅದನ್ನು ಎತ್ತಿಕೊಂಡು ಹೇಳಿ ಅವನ ಮಾನ ಉಳಿಸಿದರು. ಇನ್ನೊಮ್ಮೆ ಹೀಗಾದರೆ ಗುರುಗಳು ತನ್ನನ್ನು ಸಭೆಯಲ್ಲಿ ಕೂರಿಸುವುದಿಲ್ಲ ಎಂಬ ಹೆದರಿಕೆ ಅಂದಿನಿಂದ ಅವನನ್ನು ಬಿಟ್ಟಿರಲಿಲ್ಲ. ತಪ್ಪೆಲ್ಲ ಫೋನಿನದೇ ಎಂದು ಅವನು ತೀರ್ಪನ್ನೂ ಕೊಟ್ಟಾಗಿತ್ತು.

"ಪದ್ಯ ಕಲಿಯೋಕೆ ಕೂತರೆ ಕೈ ತಾನಾಗಿ ಅದರ ಕಡೆ ಹೋಗುತ್ತೆ. ಅದು ಹತ್ತಿರ ಇರೋ ತನಕ ನನ್ನ ತಲೆಗೆ ಏನೂ ಹತ್ತೋದಿಲ್ಲ," ಎಂದ.

ಮಾಧವಯ್ಯನವರು ತಾಂಬೂಲದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಗುರುಗಳು ತಟ್ಟೆ ಸರಿಸಿದರೆಂದರೆ ಕತೆ ಬರುತ್ತದೆ ಎಂಬುದು ಶ್ರೀವತ್ಸನಿಗೆ ಗೊತ್ತು. ಅವನು ಗೋಡೆಗೆ ಒರಗಿ ಕೂತ. ಗುರುಗಳು ಹೇಳತೊಡಗಿದರು.

ಒಂದು ಗುಡಿ. ಅಲ್ಲಿ ಒಬ್ಬ ಅಡುಗೆಯವ. ಅವನು ಮಾಡುವ ಹುಳಿ ಉಣ್ಣಬೇಕೆಂದೇ ಹಬ್ಬದ ದಿನ ಸುತ್ತಲ ಊರಿನವರು ಬರುತ್ತಿದ್ದರು. ದೇವರಿಗೆ ಬಂದವರು ಎಷ್ಟು, ಹುಳಿಗೆ ಬಂದವರು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ದೇವರಿಗೆ ಬೇಜಾರಾಗುತ್ತಿತ್ತು.

ಆ ಅಡುಗೆಮನೆಗೆ ಒಂದು ನಿಯಮವಿತ್ತು. ನೈವೇದ್ಯ ಆಗುವ ತನಕ ಅಡುಗೆಯ ರುಚಿ ಯಾರೂ ನೋಡುವಂತಿಲ್ಲ. ಮಾಡಿದವನೂ ನೋಡುವಂತಿಲ್ಲ. ಹೀಗಾಗಿ ಉಪ್ಪು ಬಿತ್ತೋ ಇಲ್ಲವೋ ಎಂದು ನಾಲಿಗೆಯನ್ನು ಕೇಳುವ ಹಾಗಿಲ್ಲ. ಹಾಕಿದವನ ಗಮನವೇ ಅದಕ್ಕೆ ಸಾಕ್ಷಿ. ಅವನ ತಂದೆ ಉಪ್ಪು ಹಾಕುವ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ಓಗೊಡುತ್ತಿರಲಿಲ್ಲವಂತೆ. ಆ ತಂದೆಯ ಕೈಯಿಂದಲೇ ಸೌಟು ಇವನ ಕೈಗೆ ಬಂದಿತ್ತು. ಇವನಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇರೆ ಇರಲಿಲ್ಲ.

ಹೀಗಿರುವಾಗ ಅವನು ಒಂದು ಸ್ಮಾರ್ಟ್‌ಫೋನ್ ಕೊಂಡ. ಆದರೆ ಮಡಿಯಲ್ಲಿ ಇರುವವನು ಫೋನ್ ಮುಟ್ಟುವುದು ಹೇಗೆ? ಅದಕ್ಕೊಂದು ಉಪಾಯ ಹುಡುಕಿದ. ಸ್ನಾನಕ್ಕೆ ಹೋಗುವ ಮುಂಚೆಯೇ ಫೋನನ್ನು ಅಡುಗೆಮನೆಯ ಕಿಟಕಿಗೆ ಆನಿಸಿಟ್ಟು ವಿಡಿಯೊ ಹಾಕಿಬಿಡುತ್ತಿದ್ದ. ಒಂದು ಮುಗಿದರೆ ಇನ್ನೊಂದು ತಾನೇ ಬರುತ್ತಿತ್ತು. ಮಡಿಯೂ ಕೆಡಲಿಲ್ಲ, ಮಜವೂ ತಪ್ಪಲಿಲ್ಲ. ಕೆಟ್ಟದ್ದು ಹುಳಿ. ಒಂದು ಹಬ್ಬದ ದಿನ ಫೋನಿನಲ್ಲಿ ಯಾರೋ ಇಬ್ಬರು ಕುಸ್ತಿಗೆ ಬಿದ್ದಿದ್ದರು. ಯಾರು ಗೆಲ್ಲುತ್ತಾರೆಂದು ನೋಡುತ್ತ ನೋಡುತ್ತ ಇವನು ಕೊಪ್ಪರಿಗೆಗೆ ಎರಡು ಸಲ ಉಪ್ಪು ಹಾಕಿದ. ಪಂಕ್ತಿಯಲ್ಲಿ ಕೂತವರು ಮೊದಲ ತುತ್ತಿಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವರ ಪ್ರಸಾದವಾದ್ದರಿಂದ ಉಗುಳುವಂತಿಲ್ಲ, ನುಂಗಲು ಗಂಟಲು ಒಪ್ಪುವುದಿಲ್ಲ. ಮಜ್ಜಿಗೆ ಬಡಿಸುವವರು ಓಡಾಡಿ ಸುಸ್ತಾದರು.

ಗುಡಿಯ ಆಡಳಿತ ನೋಡಿಕೊಳ್ಳುತ್ತಿದ್ದ ಪಾರುಪತ್ತೇಗಾರರು ಅವನನ್ನು ಕರೆದರು. ಬೈಯಲಿಲ್ಲ. "ಇನ್ನೊಂದು ಸಲ ಹೀಗಾದರೆ ಸೌಟು ಬೇರೆಯವರ ಕೈಗೆ ಹೋಗುತ್ತೆ ಕಣಯ್ಯಾ," ಎಂದರು.

ಅಡುಗೆಯವ ಮಾರನೆಯ ದಿನವೇ ಪೇಟೆಗೆ ಹೋಗಿ, ಆ ಫೋನನ್ನು ಕೊಟ್ಟು ಒಂದು ಕೀಪ್ಯಾಡ್ ಫೋನ್ ತಂದ. ಕರೆ ಬಂದರೆ ಅದು ಕೂಗುತ್ತಿತ್ತು, ಇಲ್ಲದಿದ್ದರೆ ತೆಪ್ಪಗಿರುತ್ತಿತ್ತು. ಹುಳಿಗೆ ಮೊದಲಿನ ರುಚಿ ಮರಳಿ ಬಂತು.

ಇಷ್ಟು ಕೇಳುವಷ್ಟರಲ್ಲಿ ಶ್ರೀವತ್ಸನ ಮುಖ ಅರಳಿತ್ತು. ತನಗೆ ಬೇಕಾದ ಉತ್ತರ ಇಷ್ಟು ಬೇಗ ಸಿಕ್ಕೀತೆಂದು ಅವನು ಎಣಿಸಿರಲಿಲ್ಲ. ಎದ್ದು ನಮಸ್ಕಾರ ಮಾಡುವುದೊಂದು ಬಾಕಿ.

"ಕೂತುಕೋ. ಹುಳಿ ಇನ್ನೂ ಒಲೆಯ ಮೇಲೇ ಇದೆ," ಎಂದರು ಗುರುಗಳು.

ಒಂದು ದಿನ ಯಾರೋ ಭಕ್ತರು ಅಡುಗೆಮನೆಯ ಹೊಸಿಲಾಚೆ ನಿಂತು, ಅಲ್ಲೇ ಗೂಡಿನಲ್ಲಿದ್ದ ಫೋನ್ ನೋಡಿ, ಅದು ಯಾಕೆ ಇಷ್ಟು ಚಿಕ್ಕದಾಯಿತೆಂದು ಕೇಳಿದರು. ಅಡುಗೆಯವ ನಡೆದದ್ದನ್ನು ಹೇಳಿದ. ಕೇಳಿದವರು ಕೈ ಮುಗಿದುಬಿಟ್ಟರು. "ಈ ಕಾಲದಲ್ಲಿ ಇದೇನು ಸಾಮಾನ್ಯವೇ! ದೊಡ್ಡ ಮನಸ್ಸು ಬೇಕು ಇದಕ್ಕೆ," ಎಂದರು. ಪಾಪ, ಇಷ್ಟು ವರ್ಷ ಜನ ಅವನ ಹುಳಿಯನ್ನು ಹೊಗಳಿದ್ದರೇ ಹೊರತು ಅವನನ್ನು ಯಾರೂ ಹೊಗಳಿರಲಿಲ್ಲ. ಆ ಮಾತು ಅವನಿಗೆ ಬಹಳ ಹಿಡಿಸಿತು.

ಅಲ್ಲಿಂದ ಮುಂದೆ ಕೀಪ್ಯಾಡ್ ಫೋನ್ ಅದೇ ಕಿಟಕಿಗೆ ಬಂದು ಕೂತಿತು. ಯಾರಾದರೂ ಬಂದರೆ ಅವನು ಸೌಟಿನಿಂದ ಅದನ್ನು ತೋರಿಸಿ ಮೊದಲಿನಿಂದ ಎಲ್ಲವನ್ನೂ ಹೇಳುತ್ತಿದ್ದ. ಬರಬರುತ್ತ ಜನ ಕೇಳುವ ತನಕ ಕಾಯುವುದನ್ನೂ ಬಿಟ್ಟ. ಊರಿನ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬಂದು, "ನೋಡು, ಇವರನ್ನು ನೋಡಿ ಕಲಿ," ಎನ್ನುತ್ತಿದ್ದರು. ಮಕ್ಕಳು ಆ ಫೋನಿನಲ್ಲಿ ಯಾವ ಆಟ ಇದೆ ಎಂದು ಕೇಳುತ್ತಿದ್ದವು.

ಮತ್ತೆ ಹಬ್ಬ ಬಂತು. ಹುಳಿ ಕುದಿಯುತ್ತಿತ್ತು. ಹೊಸಿಲಾಚೆ ಜನ ನಿಂತಿದ್ದರು. ಅಡುಗೆಯವ ಕತೆ ಹೇಳಿದ, ಸ್ಮಾರ್ಟ್‌ಫೋನ್ ಕೊಂಡದ್ದು, ಹುಳಿ ಕೆಟ್ಟದ್ದು, ಪೇಟೆಗೆ ಹೋದದ್ದು ಎಲ್ಲ. ಕೊನೆಗೆ, "ಈಗ ನೋಡಿ, ನನ್ನ ಜ್ಞಾನವೆಲ್ಲ ಉಪ್ಪಿನ ಮೇಲೇ," ಎಂದು ಬೊಗಸೆ ತುಂಬ ಉಪ್ಪು ತೆಗೆದು ಕೊಪ್ಪರಿಗೆಗೆ ಹಾಕಿ ತೋರಿಸಿದ. ನೋಡಿದವರು ಭಲೇ ಎಂದು ಹೊರಟುಹೋದರು. ಅಷ್ಟರಲ್ಲಿ ಬೇರೆ ಊರಿನವರು ಬಂದರು. ಕತೆ ಮತ್ತೆ ಮೊದಲಿನಿಂದ ನಡೆಯಿತು. ಉಪ್ಪಿನ ಜಾಗಕ್ಕೆ ಬಂದಾಗ ಕೈ ತಾನಾಗಿ ಉಪ್ಪಿಗೆ ಹೋಯಿತು. ಬರಿಗೈ ತೋರಿಸಿದರೆ ಕತೆಗೆ ಏನು ಕಳೆ? ಅವರು ಹೋದ ಮೇಲೆ ಬೀಗರ ಗುಂಪೊಂದು ಬಂತು. ಬೀಗರೆಂದ ಮೇಲೆ ಕಡಿಮೆ ಮಾಡುವುದುಂಟೇ? ಅವರಿಗೆ ತುಂಬು ಬೊಗಸೆಯನ್ನೇ ತೋರಿಸಿದ.

ಆ ದಿನ ಪಂಕ್ತಿಗೆ ಮಜ್ಜಿಗೆ ಸಾಲಲಿಲ್ಲ. ಬಡಿಸುವವರೆಲ್ಲ ಬಾವಿಗೆ ಓಡಿದರು.

ಪಾರುಪತ್ತೇಗಾರರು ಎಲೆಯ ಮುಂದಿನಿಂದ ಎದ್ದು ಬಂದು ಕೇಳಿದರು, "ಏನಯ್ಯಾ, ಈ ಸಲ ಯಾವ ಫೋನ್ ನೋಡ್ತಿದ್ದೆ?"

ಅಡುಗೆಯವನ ಕಣ್ಣಲ್ಲಿ ನೀರು. "ಫೋನ್ ನೋಡ್ಲಿಲ್ಲ ಸ್ವಾಮಿ," ಎಂದ. "ನಾನು ಫೋನ್ ನೋಡೋದಿಲ್ಲ ಅಂತ ಹೇಳ್ತಾ ಇದ್ದೆ."

ಸೌಟನ್ನು ಮೂಲೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಇನ್ನೊಬ್ಬನಿಗೆ ಕೊಟ್ಟರು. ಹೆಚ್ಚುವ ಕೆಲಸ ಇವನ ಪಾಲಿಗೆ ಬಂತು. ಈಗಲೂ ಆ ಗುಡಿಯ ಹುಳಿಗೆ ಜನ ಬರುತ್ತಾರೆ. ಹುಳಿ ಮಾಡುವವನ ಹತ್ತಿರ ಯಾವ ಫೋನ್ ಇದೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಗುರುಗಳು ಕತೆ ಮುಗಿಸಿದರು. ಶ್ರೀವತ್ಸ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬೀಗರಿಗೆ ತೋರಿಸಿದ ತುಂಬು ಬೊಗಸೆ ಅವನ ಕಣ್ಣ ಮುಂದಿನಿಂದ ಹೋಗುತ್ತಲೇ ಇರಲಿಲ್ಲ. ಆ ಅಡುಗೆಯವನ ಮೇಲೆ ಅವನಿಗೆ ಕನಿಕರವೂ ಹುಟ್ಟಿತು. ಅದರ ಹಿಂದೆಯೇ, ತಾನು ಅಷ್ಟು ಪೆದ್ದನಲ್ಲವಲ್ಲ ಎಂಬ ಸಮಾಧಾನವೂ ಆಯಿತು.

"ನಾನು ಹಾಗೆಲ್ಲ ಡಂಗುರ ಸಾರೋದಿಲ್ಲ, ಗುರುಗಳೇ," ಎಂದು ಕಣ್ಣೊರೆಸಿಕೊಂಡ. "ಸದ್ದಿಲ್ಲದೆ ಬಿಟ್ಟುಬಿಡ್ತೀನಿ."

ಗುರುಗಳೂ ನಗುತ್ತಲೇ ಒಂದು ಮಾತು ಕೇಳಿದರು. ಶ್ರೀವತ್ಸನ ನಗು ಅಲ್ಲೇ ನಿಂತಿತು.

"ಸ್ಮಾರ್ಟ್‌ಫೋನ್ ಬಿಡ್ತಾ ಇದೀನಿ ಅಂತ ಬೆಳಿಗ್ಗೆ ಸ್ಟೇಟಸ್ ಹಾಕಿದ್ದೆಯಲ್ಲ ಮಗು, ಇಷ್ಟು ಹೊತ್ತಿಗೆ ಎಷ್ಟು ಜನ ನೋಡಿದರು?"