ಗಾಳೆಪ್ಪನ ಗಂಟಲಲ್ಲಿ ನಿಂತ ಮಾತು

ಹತ್ತಿರ ಬಂದು ಕೂತುಕೊಳ್ಳಿ, ಹೇಳುತ್ತೇನೆ. ಬಹಳ ಹಿಂದಿನ ಮಾತು. ಯಾವ ಕಾಲ, ಯಾರ ರಾಜ್ಯ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು. ಎರೆಕೊಪ್ಪ ಅಂತ ಒಂದು ಊರು. ಸುತ್ತಲೂ ಕಪ್ಪು ನೆಲ, ಕಣ್ಣು ಹಾಯಿಸಿದಷ್ಟು ದೂರ ಹತ್ತಿ. ಆ ಊರಲ್ಲಿ ಡಂಗುರ ಸಾರುವ ಗಾಳೆಪ್ಪ ಅಂತ ಒಬ್ಬನಿದ್ದನಂತೆ.

ಅವನ ದನಿ ಎಂಥದ್ದು ಅಂತೀರಿ! ಅವನು ಊರಬಾಗಿಲ ಅಗಸಿಯಲ್ಲಿ ನಿಂತು ಕೂಗಿದರೆ ಹಳ್ಳದಾಚೆಯ ಊರಿನವರು, ನಮ್ಮನ್ನೇ ಕರೆದರು ಅಂತ ಎದ್ದು ರುಮಾಲು ಸುತ್ತಿಕೊಳ್ಳುತ್ತಿದ್ದರಂತೆ. ಮೇಯಲು ಹೋದ ದನ ತಲೆ ಎತ್ತಿ ಮನೆಯ ಕಡೆ ತಿರುಗುತ್ತಿದ್ದವಂತೆ. ಅಷ್ಟು ದೊಡ್ಡ ದನಿ ಇದ್ದರೂ ಅವನು ಒಂದು ದಿನವೂ ತನ್ನ ಮಾತು ಸಾರಿದವನಲ್ಲ. ಹಲಗೆ ಬಾರಿಸಿ, ಊರಗೌಡರು ಹೇಳಿದ್ದನ್ನು ಗೌಡರ ಹೆಸರಲ್ಲಿ ಕೂಗುವುದು, ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ಊರ ಹೊರಗಿನ ತನ್ನ ಕೇರಿಗೆ ನಡೆಯುವುದು. ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ.

ಆ ಊರಿಗೆ ಎಲ್ಲಿಂದಲೋ ಅಡಿವೆಪ್ಪ ಅಂತ ಒಬ್ಬ ಮಾಸ್ತರರು ಬಂದರಂತೆ. ಒಂದು ಸಾಲಿ ಕಟ್ಟೋಣ, ಎಲ್ಲ ಕೇರಿಯ ಮಕ್ಕಳೂ ಬರಲಿ, ಯಾರೂ ಏನೂ ಕೊಡುವುದು ಬೇಡ, ಊರೆಲ್ಲ ಸೇರಿ ನನಗೆರಡು ಹೊತ್ತು ರೊಟ್ಟಿ ಹಾಕಿದರೆ ಸಾಕು ಅಂದರಂತೆ. ಊರು ಒಪ್ಪಿತು. ಕಲ್ಲು ಹೊತ್ತವರು ಹೊತ್ತರು, ಮಣ್ಣು ಕಲಸಿದವರು ಕಲಸಿದರು. ಹಳ್ಳದ ದಂಡೆಯ ಮೇಲೆ ಸಾಲಿ ಎದ್ದಿತು. ಗಾಣಿಗರ ಹುಡುಗ, ಕುಂಬಾರರ ಹುಡುಗಿ, ಗೌಡರ ಮೊಮ್ಮಗ, ಹೊರಗೇರಿಯ ಕೂಸು, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂತರು. ಅದನ್ನು ನೋಡಿ ಕೆಲವರು ಬಾಯಿ ಮೇಲೆ ಕೈ ಇಟ್ಟುಕೊಂಡರಂತೆ. ಆದರೂ ಸಾಲಿ ನಡೆಯಿತು.

ಗಾಳೆಪ್ಪ ದಿನಾ ಆ ದಾರಿಯಲ್ಲಿ ಹೋಗುವಾಗ ಕಿಟಕಿಯ ಹೊರಗೆ ನಿಂತುಬಿಡುತ್ತಿದ್ದನಂತೆ. ಒಳಗೆ ಮಕ್ಕಳು ಕೂಗಿ ಕೂಗಿ ಓದುತ್ತಿದ್ದರು. ಊರಿಗೆಲ್ಲ ಕೂಗಿ ಹೇಳುವವನು ಮಕ್ಕಳ ಕೂಗು ಕೇಳುತ್ತ ಮೈಮರೆಯುತ್ತಿದ್ದನಂತೆ.

ಹತ್ತಿ ಒಡೆಯುವ ಕಾಲ ಬಂತು. ಬಿಡಿಸಲು ಆಳುಗಳು ಸಾಲಲಿಲ್ಲ, ಯಾಕೆಂದರೆ ಸಣ್ಣ ಕೈಗಳೆಲ್ಲ ಸಾಲಿಯಲ್ಲಿದ್ದವು. ಗೌಡರ ಹೆಸರು ರಾಚನಗೌಡ. ಅವರು ಚಾವಡಿಯಲ್ಲಿ ಹಿರಿಯರನ್ನು ಸೇರಿಸಿದರಂತೆ.

"ಎಲ್ಲಾರೂ ಓದಿದ್ರ ನನ್ನ ಹೊಲದಾಗ ಬಗ್ಗೋರು ಯಾರು?" ಅಂದರಂತೆ. "ನಮ್ಮ ಮನಿ ಹುಡುಗ್ರಿಗೆ ಮನ್ಯಾಗ ಓದಿಸ್ತೀನಿ. ಸಾಲಿ ಮುಚ್ಚಿ ಹತ್ತಿ ಅರಳಿ ತುಂಬಸ್ತೀನಿ."

ಕಲ್ಲು ಹೊತ್ತವರೂ ಅಲ್ಲೇ ಕೂತಿದ್ದರು, ಮಣ್ಣು ಕಲಸಿದವರೂ ಅಲ್ಲೇ ಕೂತಿದ್ದರು. ಒಬ್ಬರೂ ಉಸಿರು ಬಿಡಲಿಲ್ಲ. ಮಾಸ್ತರರು ಕೈ ಮುಗಿದು ಏನೋ ಹೇಳಹೋದರೆ ಅವರನ್ನು ಎಬ್ಬಿಸಿ ಕಳಿಸಿದರಂತೆ. ಗಾಳೆಪ್ಪನನ್ನು ಕರೆದು, ನಾಳೆಯಿಂದ ಸಾಲಿ ಇಲ್ಲ ಅಂತ ಸಾರು ಅಂದರು. ಗಾಳೆಪ್ಪ ತಲೆ ಬಗ್ಗಿಸಿ ಹೊರಟ.

ಸಂಜೆ, ದನ ಮನೆಗೆ ಬರುವ ಹೊತ್ತು. ಅಗಸಿಯಲ್ಲಿ ಹಲಗೆಯ ಸದ್ದಾಯಿತು. ಹೆಂಗಸರು ಒಲೆ ಬಿಟ್ಟು ಬಂದರು, ಗಂಡಸರು ಕಟ್ಟೆಯಿಂದ ಎದ್ದು ಬಂದರು. ಗಾಳೆಪ್ಪ ಬಾಯಿ ತೆರೆದ. ತೆರೆದವನು ಮತ್ತೆ ಮುಚ್ಚಿದ. ಆಮೇಲೆ ಹಲಗೆಯನ್ನು ನೆಲಕ್ಕಿಟ್ಟನಂತೆ. ಅವನು ಸಾರುವಾಗ ಹಲಗೆ ನೆಲಕ್ಕಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

"ಊರ ಮಂದಿ ಕೇಳ್ರೋ," ಅಂದ. "ಇದು ಗೌಡರ ಅಪ್ಪಣೆ ಅಲ್ಲ. ಇದು ನನ್ನ ಮಾತು."

ನೀರು ತರುತ್ತಿದ್ದವಳ ಕೊಡ ಜಾರಿ ಬಿತ್ತು, ಅವಳು ಅದನ್ನು ತಿರುಗಿ ಸಹ ನೋಡಲಿಲ್ಲ ಅನ್ನುತ್ತಾರೆ.

"ಹುಟ್ಟಿದಾಗಿಂದ ಇನ್ನೊಬ್ರು ಓದಿ ಹೇಳಿದ್ದನ್ನ ಸಾರೀನಿ. ಖರೇ ಓದಿದ್ರೋ ಸುಳ್ಳು ಓದಿದ್ರೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಿಮ್ಮ ಮಕ್ಕಳಿಗೆ ಗೊತ್ತಾಗ್ಲಿ. ಸಾಲಿ ನೀವು ಕಟ್ಟಿದ್ದು. ಮುಚ್ಚಾಕ ಬಿಡಬ್ಯಾಡ್ರಿ."

ಅಷ್ಟು ಹೇಳಿ ಹಲಗೆ ಎತ್ತಿಕೊಂಡು ಹೋದನಂತೆ. ಜನ ನಿಂತಲ್ಲೇ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗೌಡರ ಕಿವಿಗೆ ಯಾರೂ ಹೋಗಿ ಹೇಳಬೇಕಾಗಿ ಬರಲಿಲ್ಲ. ಆ ದನಿ ಅವರ ಮನೆ, ಆ ದೊಡ್ಡ ವಾಡೆಯ ಗೋಡೆ ದಾಟಿ ಹೋಗಿತ್ತು.

ಅವನನ್ನು ವಾಡೆಗೆ ಎಳೆದು ತಂದರು. ಗೌಡರು ಬಯ್ಯಲಿಲ್ಲವಂತೆ. ಅವರಿಗೂ ನಂಬಲು ಆಗುತ್ತಿರಲಿಲ್ಲವಂತೆ.

"ಗಾಳ್ಯಾ, ನಿನಗ ಹೆಂಡತಿಲ್ಲ, ಮಕ್ಕಳಿಲ್ಲ. ನಿನಗ್ಯಾಕ ಬೇಕಿತ್ತು ಸಾಲಿ ಉಸಾಬರಿ?"

"ನನಗ ಮಕ್ಕಳಿಲ್ಲ ಖರೇರಿ ಗೌಡ್ರ," ಅಂದನಂತೆ ಗಾಳೆಪ್ಪ. "ಊರಿಗೆ ಅದಾವಲ್ರಿ."

ನಾಳೆ ಸಂಜೆ ಅದೇ ಅಗಸಿಯಲ್ಲಿ ನಿಂತು, ನಿನ್ನೆ ಕುಡಿದಿದ್ದೆ, ತಪ್ಪಾಯಿತು, ಸಾಲಿ ಮುಚ್ಚಿದೆ ಅಂತ ಸಾರಬೇಕು ಅಂತ ಗೌಡರು ಹೇಳಿದರು. ಗಾಳೆಪ್ಪ ಕೇಳಿಸಿಕೊಂಡು ತನ್ನ ಕೇರಿಗೆ ನಡೆದ. ಸಾಲಿಗೆ ಬೀಗ ಬಿತ್ತು.

ಮರುದಿನ ಸಂಜೆ ಊರಿಗೆ ಊರೇ ಅಗಸಿಯಲ್ಲಿತ್ತು. ಹಳ್ಳದಾಚೆಯವರೂ ಬಂದಿದ್ದರಂತೆ. ಗೌಡರು ಕಟ್ಟೆಯ ಮೇಲೆ ಕೂತಿದ್ದರು. ಗಾಳೆಪ್ಪನ ಪಕ್ಕದಲ್ಲಿ ಗೌಡರ ಆಳು ತಿಪ್ಪಣ್ಣ ಬಡಿಗೆ ಹಿಡಿದು ನಿಂತಿದ್ದ. ಗಾಳೆಪ್ಪ ಅವತ್ತು ಹಲಗೆಯನ್ನೇ ತಂದಿರಲಿಲ್ಲ. ಜನರನ್ನೆಲ್ಲ ಒಮ್ಮೆ ನೋಡಿದ. ತಲೆ ಎತ್ತಿದ.

"ನಾಳೆ ಮುಂಜಾನೆ ಸಾಲಿ..." ಅಂದ.

ಮುಂದಿನ ಮಾತು ಏನು ಅಂತ ಗೌಡರಿಗೆ ಅವನ ಮುಖದಲ್ಲೇ ಕಂಡಿತಂತೆ. ಅವರು ಕೈ ಎತ್ತಿದರು. ತಿಪ್ಪಣ್ಣನ ಬಡಿಗೆ ಗಾಳೆಪ್ಪನ ಗಂಟಲಿಗೆ ಬಿತ್ತು.

ಅಯ್ಯೋ ಶಿವನೇ! ಬೆನ್ನಿಗೆ ಹೊಡೆಯುತ್ತಾರೆ ಅಂದುಕೊಂಡಿದ್ದರು ಜನ, ಕಾಲಿಗೆ ಹೊಡೆಯುತ್ತಾರೆ ಅಂದುಕೊಂಡಿದ್ದರು. ಗಂಟಲಿಗೆ ಹೊಡೆಯಬಹುದು ಅಂತ ಯಾರ ಕನಸಲ್ಲೂ ಇರಲಿಲ್ಲ. ಗಾಳೆಪ್ಪ ಮಂಡಿಯೂರಿ ಕೂತ. ಎರಡೂ ಕೈಯಿಂದ ಗಂಟಲು ಹಿಡಿದುಕೊಂಡ. ಬಾಯಿ ತೆರೆದೇ ಇತ್ತು, ತುಟಿ ಆಡುತ್ತಲೇ ಇತ್ತು, ದನಿ ಮಾತ್ರ ಬರಲಿಲ್ಲ. ಹಳ್ಳದಾಚೆಗೆ ಕೇಳುತ್ತಿದ್ದ ದನಿ ಪಕ್ಕದಲ್ಲಿ ನಿಂತವನಿಗೂ ಕೇಳಲಿಲ್ಲ.

ಆಗ ಅಲ್ಲಿ ಬಿದ್ದ ಮೌನವನ್ನು ಯಾರಿಂದಲೂ ಹೇಳಲಿಕ್ಕೆ ಆಗುವುದಿಲ್ಲ ಅನ್ನುತ್ತಾರೆ. ಕಂಕುಳಲ್ಲಿದ್ದ ಕೂಸುಗಳೂ ಅಳಲಿಲ್ಲ. ಗೌಡರ ಎತ್ತಿದ ಕೈ ಎತ್ತಿದಂತೆಯೇ ಇತ್ತು. ತಿಪ್ಪಣ್ಣ ತನ್ನ ಬಡಿಗೆಯನ್ನೇ ನೋಡುತ್ತ ನಿಂತಿದ್ದ, ಅದು ಬೇರೆ ಯಾರದೋ ಎಂಬಂತೆ.

ಆ ಮೌನದೊಳಗೆ ಒಂದು ದನಿ ಎದ್ದಿತು. ಸಣ್ಣ ದನಿ, ಮುದುಕಿಯ ದನಿ.

"ತೆರೀತೈತಿ," ಅಂದಿತು.

ಜನ ತಿರುಗಿ ನೋಡಿದರೆ ನೀಲವ್ವ. ಯಾರು ನೀಲವ್ವ? ತಿಪ್ಪಣ್ಣನ ತಾಯಿ! ಹೊಡೆದವನ ಹೆತ್ತ ತಾಯಿ! ಗೌಡರ ಮನೆಯ ಕೂಳು ತಿಂದು ಮಗನನ್ನು ಬೆಳೆಸಿದವಳು. ಸಾಲಿಯ ಬಗ್ಗೆ ಒಳ್ಳೆಯದೂ ಕೆಟ್ಟದ್ದೂ ಒಂದು ದಿನವೂ ಆಡಿದವಳಲ್ಲ. ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮಗನ ಕಡೆ ನೋಡಲಿಲ್ಲ, ಗೌಡರ ಕಡೆ ನೋಡಲಿಲ್ಲ. ಗಾಳೆಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವನ ಬೆನ್ನ ಮೇಲೆ ಕೈ ಇಟ್ಟು, ಮತ್ತೊಮ್ಮೆ ಗಟ್ಟಿಯಾಗಿ ಅಂದಳು.

"ನಾಳೆ ಮುಂಜಾನೆ ಸಾಲಿ ತೆರೀತೈತಿ!"

ಆಮೇಲೆ ಕುಂಬಾರರ ಓಣಿಯವಳು ಒಬ್ಬಳು ಅಂದಳು. ಹೊರಗೇರಿಯವನು ಒಬ್ಬ ಅಂದ. ಚಾವಡಿಯಲ್ಲಿ ಉಸಿರು ಬಿಡದೆ ಕೂತಿದ್ದ ಹಿರಿಯರು ಅಂದರು. ಊರೆಲ್ಲ ಸೇರಿ ಕೂಗಿದ್ದು ಎಲ್ಲಿ ತನಕ ಕೇಳಿಸಿತೋ ದೇವರೇ ಬಲ್ಲ. ಗೌಡರು ಎದ್ದು ವಾಡೆಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಹಿಂದೆ ಒಬ್ಬ ಆಳೂ ಹೋಗಲಿಲ್ಲವಂತೆ.

ಬೆಳಿಗ್ಗೆ ನೋಡಿದರೆ ಸಾಲಿಯ ಬೀಗ ಮುರಿದಿತ್ತು. ತಿಪ್ಪಣ್ಣನೇ ಅದೇ ಬಡಿಗೆಯಿಂದ ಮುರಿದ ಅಂತ ಕೆಲವರು. ಇಲ್ಲ, ಅವನು ತಾಯಿಯ ಮುಖ ನೋಡಲಾರದೆ ಊರು ಬಿಟ್ಟ ಅಂತ ಕೆಲವರು. ನನಗೆ ಗೊತ್ತಿಲ್ಲ. ಮಕ್ಕಳು ಮಾತ್ರ ಎಷ್ಟು ಬಂದರೆಂದರೆ ಮಾಸ್ತರರು ಒಳಗೆ ಜಾಗ ಸಾಲದೆ ಅಂಗಳದಲ್ಲಿ ಕೂರಿಸಿ ಪಾಠ ಮಾಡಿದರಂತೆ.

ಗಾಳೆಪ್ಪನಿಗೆ ಮತ್ತೆ ದನಿ ಬರಲಿಲ್ಲ. ದೊಡ್ಡ ದೊಡ್ಡ ವೈದ್ಯರು ಬಂದು ನೋಡಿದರೂ ಬರಲಿಲ್ಲ. ಅವನೂ ಸಾಲಿಗೆ ಕೂತು ಅಕ್ಷರ ಕಲಿತ, ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಊರಿಗೆ ಸುದ್ದಿ ಹೇಳುತ್ತಿದ್ದ ಅಂತ ಕಥೆ ಕಟ್ಟುವವರಿದ್ದಾರೆ. ನನ್ನ ಅಜ್ಜಿ ಹಾಗೆ ಹೇಳಲಿಲ್ಲ. ಅವನು ಸಾಯುವ ತನಕ ಸಾಲಿಯ ಕಟ್ಟೆಯ ಮೇಲೆ ಕೂತು ಮಕ್ಕಳು ಓದುವುದನ್ನು ಕೇಳುತ್ತಿದ್ದ, ಅಷ್ಟೇ ಅಂದಳು. ಗೌಡರ ಮೊಮ್ಮಗ ದಿನಾ ಅವನ ಕಾಲು ಮುಟ್ಟಿ ಒಳಗೆ ಹೋಗುತ್ತಿದ್ದ ಅಂದಳು.

ಎರೆಕೊಪ್ಪದಲ್ಲಿ ಈಗಲೂ ಪ್ರತಿ ವರ್ಷ ಸಾಲಿ ಶುರುವಾಗುವ ಹಿಂದಿನ ಸಂಜೆ ಜನರೆಲ್ಲ ಅಗಸಿಯಲ್ಲಿ ಸೇರುತ್ತಾರೆ. ಮೈಕು ಹಚ್ಚುವುದಿಲ್ಲ, ಭಾಷಣ ಮಾಡುವುದಿಲ್ಲ. ಒಬ್ಬ ಹಿರಿಯ ಮುಂದೆ ಬಂದು, "ನಾಳೆ ಮುಂಜಾನೆ ಸಾಲಿ" ಅಂತ ಕೂಗಿ, ಕೈಯಿಂದ ಗಂಟಲು ಮುಚ್ಚಿಕೊಂಡು ನಿಂತುಬಿಡುತ್ತಾನೆ. ಆಗ ಊರೆಲ್ಲ ಸುಮ್ಮನಿರುತ್ತದೆ. ಗೊತ್ತಿದ್ದ ಮಾತೇ, ಆದರೂ ಎಲ್ಲರ ಎದೆ ಹೊಡೆದುಕೊಳ್ಳುತ್ತದೆ. ಗಂಡಸರು ಮೊದಲು ಬಾಯಿ ಬಿಡುವಂತಿಲ್ಲ. ಗುಂಪಿನೊಳಗಿಂದ ಯಾರೋ ಒಬ್ಬ ತಾಯಿ "ತೆರೀತೈತಿ" ಅನ್ನುವ ತನಕ ಅಲ್ಲಿಂದ ಒಬ್ಬರೂ ಕದಲುವುದಿಲ್ಲ.