ಹೆಗ್ಗಣದ ಮರೆವಿಗೆ ಅಣಬೆ ಮದ್ದು

ಮಳೆಗಾಲಕ್ಕೆಂದು ಬಚ್ಚಿಟ್ಟ ಕಡಲೆಕಾಯಿ ಎಲ್ಲಿದೆಯೆಂಬುದು ಮುದಿ ಹೆಗ್ಗಣಕ್ಕೆ ಮರೆತೇಹೋಯಿತು. ಬಿಲದಲ್ಲಿ ಮೊಮ್ಮಕ್ಕಳು ಹಸಿದು ಅಳುತ್ತಿದ್ದವು. ಅಣಬೆ ತಿಂದರೆ ಮೆದುಳು ಚುರುಕಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಅದು ಅಣಬೆ ಬೆಳೆದಿದ್ದ ಮರದ ದಿಮ್ಮಿಯ ಬಳಿಗೆ ಓಡಿತು.

"ನನ್ನನ್ನು ತಿನ್ನಮ್ಮ, ಮರೆತದ್ದೆಲ್ಲ ನೆನಪಾಗುತ್ತದೆ," ಎಂದಿತು ಬಿಳಿ ಅಣಬೆ.

"ಅದರದು ಬರೀ ಮಾತು. ತಲೆಗೆ ನಾನೇ ಸರಿಯಾದ ಮದ್ದು," ಎಂದಿತು ಕೆಂಪು ಅಣಬೆ.

"ನಿಮ್ಮನ್ನು ತಿಂದು ಗುಣ ಕಂಡವರು ಯಾರಾದರೂ ಇದ್ದಾರೆಯೇ?"

ಎರಡೂ ಪಕ್ಕದಲ್ಲಿದ್ದ ಬಸವನಹುಳುವನ್ನು ತೋರಿಸಿದವು.

"ಹೌದು ತಾಯಿ, ಎರಡನ್ನೂ ತಿಂದು ನೋಡಿದ್ದೇನೆ," ಎಂದಿತು ಬಸವನಹುಳು. "ಒಂದರಿಂದ ನನ್ನ ನೆನಪಿನ ಶಕ್ತಿ ಎಷ್ಟೋ ಹೆಚ್ಚಿತು."

"ಯಾವುದರಿಂದ?" ಎಂದು ಹೆಗ್ಗಣ ಆಸೆಯಿಂದ ಕೇಳಿತು.

ಬಸವನಹುಳು ಕೊಂಬು ಹೊರಚಾಚಿ, ಒಳಗೆಳೆದುಕೊಂಡು, ಬಹಳ ಹೊತ್ತು ಯೋಚಿಸಿತು. "ಅದೊಂದು ಮರೆತುಹೋಗಿದೆ."

ಹೆಗ್ಗಣ ನಗು ತಡೆಯಲಾರದೆ, ಯಾವ ಅಣಬೆಯನ್ನೂ ಮುಟ್ಟದೆ ಹೊರಟಿತು. ನೆಲ ಮೂಸುತ್ತ ಬೇಲಿಯವರೆಗೆ ಹೋಗಿ ಅಗೆದಾಗ ಕಡಲೆಕಾಯಿಯ ರಾಶಿಯೇ ಕಂಡಿತು. "ಸಿಕ್ಕಿತು, ಬನ್ನಿರೋ!" ಎಂದು ಮೊಮ್ಮಕ್ಕಳನ್ನು ಕೂಗಿತು.

ಅದು ಕೇಳಿಸಿದ್ದೇ ತಡ, ಬಿಳಿ ಅಣಬೆ ಹಿಗ್ಗಿ, "ನೋಡಿದೆಯಾ, ನನ್ನ ಗಾಳಿ ಸೋಕಿದ್ದಕ್ಕೇ ನೆನಪು ಬಂತು," ಎಂದಿತು.

"ನಿನ್ನದಲ್ಲ, ನನ್ನದು!" ಎಂದು ಕೆಂಪು ಅಣಬೆ ರೇಗಿತು.