ನಾಯಿಗಳಿಗೆ ಬೆಡಗು ಕಟ್ಟಿದ ಹೊಳೆವ್ವ

ಯಾವ ಕಾಲದ್ದು ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ. ನಮ್ಮಜ್ಜಿಗೆ ಅವಳ ಅಜ್ಜಿ ಹೇಳಿದ್ದು. ಆ ಅಜ್ಜಿಗೆ ಯಾರು ಹೇಳಿದರೋ. ಹೊಳೆ ಬಾಗುವಲ್ಲಿ ಕೆಂಜೋಳದಹಟ್ಟಿ ಅಂತ ಒಂದು ಊರಿತ್ತಂತೆ. ಊರ ಮುಂದೆ ಎರೆಹೊಲ, ಊರ ಹಿಂದೆ ಕುರುಚಲು ಗುಡ್ಡ. ಹೊಲದಲ್ಲಿ ಮೊಲ, ಗುಡ್ಡದಲ್ಲಿ ತೋಳ. ಹಾಗಾಗಿ ನಾಯಿ ಇಲ್ಲದ ಮನೆ ಆ ಊರಲ್ಲಿ ಇರಲಿಲ್ಲ. ಬೀದಿನಾಯಿ ಅಲ್ಲ, ಬೇಟೆನಾಯಿ. ಉದ್ದ ಮೂತಿ, ಉದ್ದ ಕಾಲು, ಒಳಗೆ ಸೇದಿಕೊಂಡ ಹೊಟ್ಟೆ. ಓಡುವಾಗ ಅದರ ಕಾಲು ನೆಲಕ್ಕೆ ತಾಗುವುದೇ ಕಾಣುತ್ತಿರಲಿಲ್ಲ ಅಂತಾರೆ.

ಊರಿಗೆ ಸರ್ಜಪ್ಪ ಅಂತ ಒಬ್ಬ ದೇಸಾಯಿ. ಕೆಟ್ಟವನಲ್ಲ. ಮಳೆ ಕೈಕೊಟ್ಟ ವರ್ಷ ನೆಲದೊಳಗಿನ ತನ್ನ ಕಾಳಿನ ಹಗೇವು ತೆಗೆಸಿ ಊರಿಗೆಲ್ಲ ಜೋಳ ಅಳೆಸಿದವನು. ಅವನಿಗೆ ಇದ್ದದ್ದು ಒಂದೇ ಹುಚ್ಚು, ನಾಯಿಯದ್ದು. ಅವನ ಅಜ್ಜನ ಕಾಲದಲ್ಲಿ ಅವರ ದೊಡ್ಡಮನೆಯಲ್ಲಿ, ಅಂದರೆ ವಾಡೆಯಲ್ಲಿ, ಬೆಳ್ಯಾ ಅನ್ನುವ ನಾಯಿ ಇತ್ತು. ಮೈತುಂಬ ಹಾಲಿನ ಬಿಳುಪು, ಹುಡುಕಿದರೂ ಒಂದು ಕರಿಕೂದಲಿಲ್ಲ. ಅದರ ಓಟ ನೋಡಲು ಏಳು ಊರಿನ ಜನ ಬರುತ್ತಿದ್ದರು ಅಂತಾರೆ. ಆಗ ಅಜ್ಜ ದೇಸಾಯಿ ಅಪ್ಪಣೆ ಮಾಡಿದ. ಇನ್ನು ಮುಂದೆ ಊರಲ್ಲಿ ಹುಟ್ಟುವ ಮರಿಯೆಲ್ಲ ಬೆಳ್ಯಾನ ಬೀಜವೇ ಆಗಬೇಕು, ಎಲ್ಲ ಬಿಳಿಯೇ ಆಗಬೇಕು ಅಂತ. ಬೇರೆ ಬಣ್ಣದ ಗಂಡುಗಳನ್ನು ಹೊಳೆ ದಾಟಿಸಿ ಅಟ್ಟಿದರು. ಬೆಳ್ಯಾನ ಮಗಳನ್ನು ಬೆಳ್ಯಾನ ಮಗನಿಗೆ ಕೂಡಿಸಿದರು, ಅವನ ಮೊಮ್ಮಗಳನ್ನು ಅವನಿಗೇ ಕೂಡಿಸಿದರು. ಮಗ ದೇಸಾಯಿ ಹಾಗೇ ನಡೆಸಿದ. ಮೊಮ್ಮಗ ಸರ್ಜಪ್ಪನೂ ಹಾಗೇ ನಡೆಸಿದ. ಊರವರಿಗೂ ಅದು ಹೆಮ್ಮೆಯೇ.

ಈ ಸರ್ಜಪ್ಪನ ವಾಡೆಯಲ್ಲಿ ನಾಯಿ ನೋಡಿಕೊಳ್ಳುತ್ತಿದ್ದವಳು ಹೊಳೆವ್ವ. ಕುರುಬರ ಹೆಣ್ಣುಮಗಳು, ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನುಚ್ಚು ಕುದಿಸಿ ಮಜ್ಜಿಗೆ ಕಲಸಿ ಹಾಕುವುದು ಅವಳೇ, ಕಜ್ಜಿಗೆ ಬೇವಿನೆಣ್ಣೆ ತಿಕ್ಕುವುದು ಅವಳೇ, ಹೆಣ್ಣುನಾಯಿ ಮರಿ ಹಾಕುವಾಗ ಪಕ್ಕದಲ್ಲಿ ಕೂರುವುದೂ ಅವಳೇ. ಅಕ್ಷರ ಬರುತ್ತಿರಲಿಲ್ಲ. ಆದರೆ ಯಾವ ಮರಿ ತೋರಿಸಿದರೂ ಅದರ ತಾಯಿ ಯಾವುದು, ತಾಯಿಯ ತಾಯಿ ಯಾವುದು, ಯಾವುದು ಎಷ್ಟು ವರ್ಷ ಬದುಕಿತು, ಏನಾಗಿ ಸತ್ತಿತು, ಎಲ್ಲ ಹೇಳುತ್ತಿದ್ದಳು ಅಂತಾರೆ.

ಕೇಡು ಮೊದಲು ಕಂಡದ್ದು ಅವಳಿಗೇ. ಎಂಟೊಂಬತ್ತು ಮರಿ ಹಾಕುತ್ತಿದ್ದ ನಾಯಿಗಳು ಮೂರು ಹಾಕತೊಡಗಿದವು. ಆ ಮೂರರಲ್ಲಿ ಒಂದು ಹಾಲು ಕುಡಿಯುತ್ತಿರಲಿಲ್ಲ. ಒಂದು ದಿನ ಅವಳ ಕೈಯಿಂದ ಹಿತ್ತಾಳೆ ಪರಾತ ಕಲ್ಲಿನ ಮೇಲೆ ಬಿತ್ತು. ಮಲಗಿದ್ದ ಮರಿಗಳಲ್ಲಿ ಒಂದೂ ತಲೆ ಎತ್ತಲಿಲ್ಲ. ಬೇಕೆಂದೇ ಮತ್ತೊಮ್ಮೆ ಬಡಿದು ನೋಡಿದಳು. ಹುಟ್ಟಾ ಕಿವುಡು. ಆಮೇಲೆ ಕೆಲವು ನಾಯಿಗಳಿಗೆ ಮೂರ್ಛೆ ಬರತೊಡಗಿತು. ನಿಂತಲ್ಲೇ ಬಿದ್ದು, ಕಾಲು ಸೆಟೆದು, ಬಾಯಲ್ಲಿ ನೊರೆ.

ಹೊಳೆವ್ವ ದೇಸಾಯಿಯ ಮುಂದೆ ನಿಂತು ಹೇಳಿದಳು. ಈ ನಾಯಿಗಳೆಲ್ಲ ಅಣ್ಣ ತಂಗಿ ಆಗಿಬಿಟ್ಟಿವೆ, ಹೊರಗಿನಿಂದ ಗಂಡು ತರಿಸಬೇಕು ಅಂದಳು. ಕುರುಬರಲ್ಲಿ ಬೆಡಗು ಅಂತ ಇದೆಯಲ್ಲ. ಒಂದೇ ಬೆಡಗಿನವರೆಲ್ಲ ಒಡಹುಟ್ಟಿದವರ ಹಾಗೆ, ಅವರೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ನಾಯಿಗೂ ಬೆಡಗು ಬೇಕು ಅಂದಳು. ದೇಸಾಯಿ ನಕ್ಕ. ಬೆಳ್ಯಾನ ಕುಲಕ್ಕೆ ಬೆರಕೆ ಮಾಡುವುದಿಲ್ಲ ಅಂದ.

ಆ ವರ್ಷದ ಸುಗ್ಗಿ ಮುಗಿದ ಮೇಲೆ ದೇಸಾಯಿಯ ಮುದ್ದಿನ ನಾಯಿ ಹಾಲ್ಯಾ ಮೊಲದ ಬೆನ್ನು ಹತ್ತಿ ಓಡುತ್ತಿತ್ತು. ಎರಡು ವರ್ಷದ ಪ್ರಾಯ. ಓಡುತ್ತ ಓಡುತ್ತ ಬಟಾಬಯಲಲ್ಲಿ ಮುಗ್ಗರಿಸಿತು, ಮತ್ತೆ ಏಳಲಿಲ್ಲ. ಮೈಮೇಲೆ ಒಂದು ಗಾಯವಿಲ್ಲ. ದೇಸಾಯಿ ತನ್ನ ಶಾಲು ಹೊದಿಸಿ ಮಣ್ಣು ಮಾಡಿಸಿದ, ಎರಡು ದಿನ ಉಣ್ಣಲಿಲ್ಲ. ನಿಮಿತ್ತ ಹೇಳುವವನು ಬಂದು ಕವಡೆ ಹಾಕಿ, ಹತ್ತಿರದವರ ಕಣ್ಣು ಬಿದ್ದಿದೆ ಅಂದ. ನಾಯಿಗಳಿಗೆ ಹತ್ತಿರದವರು ಯಾರು? ಹೊಳೆವ್ವ. ಮಕ್ಕಳಿಲ್ಲದವಳು ಅಂತ ಊರವರೂ ದನಿಗೂಡಿಸಿದರು. ದೇಸಾಯಿ ಅವಳಿಗೆ ಊರು ಬಿಡು ಅಂದ.

ಅವಳು ಒಂದು ಹೆಣ್ಣುನಾಯಿ ಮಾತ್ರ ಕೇಳಿದಳು. ಅದರ ಹೆಸರು ಕಂದಿ. ಕಿವಿಯ ಹಿಂದೆ ಅಂಗೈಯಷ್ಟು ಕಂದು ಮಚ್ಚೆ ಇತ್ತು, ವಾಡೆಗೆ ಬೇಡವಾದ ನಾಯಿ. ಆದರೆ ಅದಕ್ಕೆ ಕಿವಿ ಕೇಳುತ್ತಿತ್ತು. ತಗೊಂಡು ಹೋಗು ಅಂದರು.

ಹೊಳೆವ್ವ ಕಂಬಳಿ ಹೆಗಲಿಗೆ ಹಾಕಿಕೊಂಡು, ಕಂದಿಯನ್ನು ಹಗ್ಗದಲ್ಲಿ ಹಿಡಿದು, ಹೊಳೆ ದಾಟಿ ನಡೆದಳು. ಹಟ್ಟಿಯಿಂದ ಹಟ್ಟಿಗೆ ಹೋದಳು. ಅದೇ ಜಾತಿಯ ಬೇಟೆನಾಯಿ ಸಾಕಿದವರು ಎಲ್ಲಿದ್ದರೂ ಹೋದಳು. ಎಷ್ಟು ಚೆಂದದ ಗಂಡು ತೋರಿಸಿದರೂ ಅವಳು ಮೊದಲು ಕೇಳುತ್ತಿದ್ದದ್ದು, ಇದರ ಅವ್ವ ಎಷ್ಟು ವರ್ಷ ಬದುಕಿದ್ದಳು, ಅಪ್ಪ ಏನಾಗಿ ಸತ್ತ, ಒಡಹುಟ್ಟಿದವು ಎಲ್ಲಿವೆ ಅಂತ. ಜನ ಹುಚ್ಚಿ ಅಂದರು. ವರ ನೋಡೋಕೆ ಬಂದಾಳೆ ನೋಡು ಅಂತ ನಕ್ಕರು.

ಕೊನೆಗೆ ಮುಳ್ಳೊಡ್ಡು ಅನ್ನುವ ಹಟ್ಟಿಯಲ್ಲಿ ಜಕ್ಕಪ್ಪ ಅನ್ನುವ ಮುದುಕ ಕುರಿಗಾರ ಸಿಕ್ಕ. ಅವನ ನಾಯಿಗೆ ಹುಲಿಯ ಹಾಗೆ ಪಟ್ಟೆ. ಅದರ ತಾಯಿ ಹದಿಮೂರು ವರ್ಷದವಳು, ಇನ್ನೂ ಕುರಿಯ ಹಿಂದೆ ನಡೆಯುತ್ತಿದ್ದಳು. ಹೊಳೆವ್ವ ಅಲ್ಲೇ ಒಂದು ಗುಡಿಸಲು ಹಾಕಿಕೊಂಡಳು. ಕಂದಿ ಬೆದೆಗೆ ಬಂದಾಗ ಪಟ್ಟೆನಾಯಿಗೆ ಕೂಡಿಸಿದಳು. ಏಳು ಮರಿ ಹುಟ್ಟಿದವು. ಕೆಂಪು, ಬೂದಿ, ಪಟ್ಟೆ, ಬಿಳಿ. ಏಳಕ್ಕೂ ಕಿವಿ ಕೇಳುತ್ತಿತ್ತು. ಆ ಹೆಣ್ಣುಮರಿಗಳಿಗೆ ಬೇರೆ ಹಟ್ಟಿಯಿಂದ ಗಂಡು ತಂದಳು, ಅವುಗಳ ಮಕ್ಕಳಿಗೆ ಮತ್ತೊಂದು ಹಟ್ಟಿಯಿಂದ. ಎಲ್ಲವೂ ಬೇಟೆನಾಯಿಯೇ, ಮನೆ ಮಾತ್ರ ಬೇರೆ ಬೇರೆ. ಒಂದೊಂದು ಮನೆಯದಕ್ಕೆ ಒಂದೊಂದು ಬೆಡಗು ಇಟ್ಟಳು. ಪಟ್ಟೆಯವರು, ಬನ್ನಿಯವರು, ಹುತ್ತದವರು, ಮಡುವಿನವರು.

ಕಂದಿಯ ಮಗಳೊಂದರ ಎರಡನೇ ಸೂಲಿನಲ್ಲಿ ಬಂಗಾರ್ಯಾ ಅಂತ ಒಂದು ಗಂಡು ಹುಟ್ಟಿತ್ತು. ಅದರ ತಾಯಿ ಹಾವು ಕಚ್ಚಿ ಸತ್ತಿತು. ಹೊಳೆವ್ವ ಆಡಿನ ಹಾಲಲ್ಲಿ ಬತ್ತಿ ಅದ್ದಿ ಬಾಯಿಗಿಟ್ಟು ಅದನ್ನು ಬದುಕಿಸಿದಳು. ಬೆಳೆದ ಮೇಲೆ ಅಂಥ ನಾಯಿ ಆ ಸೀಮೆಯಲ್ಲೇ ಇರಲಿಲ್ಲ ಅಂತಾರೆ. ಬೆಳ್ಯಾ ಕೂಡ ಹಾಗೆ ಓಡಿರಲಿಲ್ಲ ಅಂತಾರೆ. ಅದಕ್ಕೆ ಎರಡು ವರ್ಷ ತುಂಬಿದಾಗ, ಒಂದು ಮುಂಜಾನೆ, ಅವಳು ನುಚ್ಚು ಹಾಕುತ್ತಿದ್ದಾಗಲೇ ಅವಳ ಕಾಲಬಳಿ ಬಿತ್ತು. ಕಾಲು ಸೆಟೆಯಿತು, ನೊರೆ ಬಂತು. ಸ್ವಲ್ಪ ಹೊತ್ತಿಗೆ ಎದ್ದು ಏನೂ ಆಗದ ಹಾಗೆ ನುಚ್ಚು ತಿಂದಿತು. ವಾಡೆಯ ಕೇಡು ಕಂದಿಯ ಮೈಯೊಳಗೆ ಅಡಗಿ ಇಲ್ಲಿಯವರೆಗೂ ಬಂದಿದೆ ಅಂತ ಅವಳಿಗೆ ತಿಳಿಯಿತು.

ಅವತ್ತಿನಿಂದ ಬಂಗಾರ್ಯಾನನ್ನು ಯಾವ ಹೆಣ್ಣುನಾಯಿಗೂ ಬಿಡಲಿಲ್ಲ. ಅದರ ಒಡಹುಟ್ಟಿದ ಮರಿಗಳನ್ನು ಒಯ್ದವರ ಮನೆಗೆಲ್ಲ ತಾನೇ ನಡೆದುಹೋಗಿ, ಇವುಗಳಿಂದ ಮರಿ ಪಡೆಯಬೇಡಿ ಅಂತ ಹೇಳಿ ಬಂದಳು. ಕೆಲವರು ಬೈದರು. ಜಾಗ ಕೊಟ್ಟ ಜಕ್ಕಪ್ಪನೇ ಬಂದು ಬಂಗಾರ್ಯಾನ ಒಂದು ಮರಿ ಬೇಕೆಂದ. ಒಮ್ಮೆ ಬಿದ್ದರೇನಾಯಿತು, ಎದ್ದನಲ್ಲ ಅಂದ.

"ಇವ ಎದ್ದ, ಮಾವ," ಅಂದಳಂತೆ ಹೊಳೆವ್ವ. "ಇವನ ಮಕ್ಕಳು ಏಳ್ತಾವ ಅಂತ ಹೇಳವರು ಯಾರು?"

ಜಕ್ಕಪ್ಪ ಆರು ತಿಂಗಳು ಅವಳ ಹತ್ತಿರ ಮಾತಾಡಲಿಲ್ಲ. ಬಂಗಾರ್ಯಾ ಹನ್ನೊಂದು ವರ್ಷ ಅವಳ ಗುಡಿಸಲ ಬಾಗಿಲಲ್ಲೇ ಇತ್ತು, ಅವಳ ಕಂಬಳಿಯ ಮೇಲೇ ಮಲಗಿತು, ಒಂದು ಮರಿಯನ್ನೂ ಬಿಡದೆ ಸತ್ತಿತು. ಅವಳು ಅತ್ತಳು ಅಂತ ಕೆಲವರು ಅಂತಾರೆ. ಅಳಲಿಲ್ಲ ಅಂತ ಕೆಲವರು ಅಂತಾರೆ.

ಇತ್ತ ಕೆಂಜೋಳದಹಟ್ಟಿಯಲ್ಲಿ ಒಂದು ಸಂಜೆ ಗುಡ್ಡದಿಂದ ತೋಳಗಳು ಇಳಿದವು. ಕುರಿದಡ್ಡಿಯ ಸುತ್ತ ಹನ್ನೆರಡು ಬಿಳಿನಾಯಿಗಳು ಮಲಗಿದ್ದವು. ತೋಳ ದಡ್ಡಿಯ ಬೇಲಿ ಹಾರಿದರೂ ಅವು ಕಾಲ ಮೇಲಿನ ತಲೆ ಎತ್ತಲಿಲ್ಲ. ಕುರಿಗಾರರು ಓಡಿ ಬರುವಷ್ಟರಲ್ಲಿ ಅರ್ಧ ಹಿಂಡು ಹೋಗಿತ್ತು. ವಾಡೆಯಲ್ಲಿ ಉಳಿದಿದ್ದ ಹೆಣ್ಣುನಾಯಿಗಳು ಆ ವರ್ಷ ಗಬ್ಬವೇ ಆಗಲಿಲ್ಲ. ಆಗ ಕುರಿಗಾರರು ಬಂದು ವಾಡೆಯ ಮುಂದೆ ಸುಮ್ಮನೆ ಕೂತರು. ಏನೂ ಕೇಳಲಿಲ್ಲ, ಎದ್ದೂ ಹೋಗಲಿಲ್ಲ.

ಸರ್ಜಪ್ಪ ದೇಸಾಯಿಗೆ ಆಗಲೇ ಕೂದಲು ಹಣ್ಣಾಗಿತ್ತು. ಆಳನ್ನು ಕಳಿಸಲಿಲ್ಲ, ತಾನೇ ಗಾಡಿ ಹೂಡಿಸಿಕೊಂಡು ಮುಳ್ಳೊಡ್ಡಿಗೆ ಹೋದ. ಹೊಳೆವ್ವ ಕಂಬಳಿ ಹಾಸಿ ಕೂರಿಸಿದಳು, ನೀರು ಕೊಟ್ಟಳು. ಹಳೆಯದನ್ನು ಎತ್ತಲಿಲ್ಲ. ಅವನು ಬಹಳ ಹೊತ್ತು ಅಲ್ಲಿನ ನಾಯಿಗಳನ್ನೇ ನೋಡಿದ.

"ಹೊಳೆವ್ವಾ," ಅಂದ, "ಕುಲ ಕೆಡಿಸಿದ್ರ ನಾಯಿ ಉಳೀತಾವ ಅಂತೀಯೇನು?"

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ ಧಣಿ. ನಿಮ್ಮ ತಾಯಿಯವರು ಯಾವೂರವರು?"

"ಹೊಳಿಯಾಚೆಯವರು. ನಾಕು ದಿನದ ದಾರಿ."

"ನಿಮ್ಮ ಮನಿಯವರು?"

"ಇನ್ನೂ ದೂರ."

"ಸೊಸಿನ್ನೂ ದೂರದಿಂದನ ತಂದ್ರಿ. ಇಷ್ಟು ಮಂದಿ ಹೊರಗಿನವರು ಬಂದ ಮ್ಯಾಲೂ ವಾಡೆ ದೇಸಾಯರದ ಐತಿ. ಕುಲ ಕೆಡಲಿಲ್ಲ, ಬೆಳೀತು. ನಾಯಿಗಷ್ಟ ಯಾಕ ಬಾಗಲಾ ಹಾಕಿದ್ರಿ?"

ದೇಸಾಯಿ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತ ಅಂತಾರೆ. ಆಮೇಲೆ, ನಡಿ, ಊರಿಗೆ ಹೋಗೋಣ ಅಂದ.

ಹೊಳೆವ್ವ ನಾಲ್ಕು ಬೆಡಗಿನ ನಾಲ್ಕು ನಾಯಿಗಳನ್ನು ಗಾಡಿಗೆ ಹತ್ತಿಸಿಕೊಂಡು ಬಂದಳು. ಬಿಳಿನಾಯಿಗಳನ್ನು ಹೊರಗೆ ಹಾಕಲಿಲ್ಲ. ಕಿವಿ ಕೇಳುವ, ಮೂರ್ಛೆ ಕಾಣದ ಮನೆತನದ ಐದನ್ನು ಆರಿಸಿ ಹೊಸಬರಿಗೆ ಕೂಡಿಸಿದಳು. ಉಳಿದವು ಸಾಯುವತನಕ ನುಚ್ಚು ತಿಂದುಕೊಂಡು ನೆರಳಲ್ಲಿ ಇದ್ದವು. ವಾಡೆಯಲ್ಲಿ ಮೊದಲ ಸೂಲು ಆದಾಗ ದೇಸಾಯಿ ಬಂದು ಕುಕ್ಕರುಗಾಲಲ್ಲಿ ಕೂತು, ಒಂದು ಕೆಂಪು ಮರಿಯನ್ನು ಎತ್ತಿಕೊಂಡು, ಇದು ಯಾವ ಬೆಡಗು ಅಂತ ಕೇಳಿದ. ಬನ್ನಿಯವರದು ಅಂದಳು. ಮರೆಯಬಾರದು ಅಂತ ಅವನು ಅದನ್ನೇ ಎರಡು ಮೂರು ಸಲ ಬಾಯಲ್ಲಿ ಅಂದುಕೊಂಡ. ಮೂರು ನಾಲ್ಕು ವರ್ಷದಲ್ಲಿ ತೋಳಗಳು ಗುಡ್ಡದ ಆಚೆ ಸರಿದವು.

ಹೊಳೆವ್ವ ಯಾವಾಗ ಸತ್ತಳೋ, ಎಲ್ಲಿ ಮಣ್ಣಾದಳೋ ಯಾರಿಗೂ ಗೊತ್ತಿಲ್ಲ. ಅವಳಿಗೆ ಗುಡಿಯಿಲ್ಲ, ಕಲ್ಲಿಲ್ಲ.

ಆದರೆ ಆ ಸೀಮೆಯಲ್ಲಿ ಈಗಲೂ ಹೆಣ್ಣುನಾಯಿ ಬೆದೆಗೆ ಬಂದರೆ ಅದರ ಯಜಮಾನ ಒಂದು ಅಚ್ಚು ಬೆಲ್ಲ ಹಿಡಿದು ಗಂಡುನಾಯಿಯ ಮನೆಗೆ ಹೋಗುತ್ತಾನೆ. ಎರಡೂ ಕಡೆಯವರು ಕಟ್ಟೆಯ ಮೇಲೆ ಕೂತು ತಮ್ಮ ತಮ್ಮ ನಾಯಿಯ ಅಪ್ಪ ಅವ್ವ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರ ಹೆಸರು ಹೇಳುತ್ತಾರೆ. ಯಾವುದು ಕಿವುಡು, ಯಾವುದಕ್ಕೆ ಮೂರ್ಛೆ ಅನ್ನುವುದನ್ನೂ ಹೇಳಲೇಬೇಕು, ಮುಚ್ಚಿಟ್ಟರೆ ಹೊಳೆವ್ವನ ಆಣೆ. ಒಂದು ಹೆಸರು ಎರಡೂ ಕಡೆ ಬಂದರೆ ಅಲ್ಲಿಗೆ ಮಾತು ಮುಗಿಯಿತು, ಬೆಲ್ಲ ತಿಂದು ನೀರು ಕುಡಿದು ಎದ್ದು ಬರುವುದು. ಯಾರಿಗೂ ಬೇಸರವಿಲ್ಲ. ತನ್ನ ಮುತ್ತಜ್ಜಿಯ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವವನೂ ಅಲ್ಲಿ ನಾಯಿಯ ಮುತ್ತಜ್ಜಿಯ ಹೆಸರನ್ನು ತಡವರಿಸದೆ ಹೇಳುತ್ತಾನೆ.